ಎರಡೆಲೆಯ ಚಪ್ಪರ

ಮಗಳ ಮದುವೆಗೆ ಎರಡೇ ಎರಡು ಎಲೆ ಹೊಲಿದು ರಸ್ತೆ ಬದಿಯಲ್ಲಿ ಚಪ್ಪರ ಹಾಕಬೇಕೆಂದು ಗಿರಿಯಕ್ಕ ಎಂಬ ಕೆಂಜಿಗ ಇರುವೆ ನಗರಸಭೆಗೆ ಹೋದಳು. ಅನುಮತಿ ಕೊಡುವ ಕುರ್ಚಿಯಲ್ಲಿ ಆಮೆ ಸಾಹೇಬರಿದ್ದರು. ಕೂತಲ್ಲೇ ಬೇರು ಬಿಟ್ಟಿದ್ದರು ಎಂದರೂ ಸರಿಯೇ.

“ಬೆಂಕಿ ಬಿದ್ದರೆ? ಅಗ್ನಿಶಾಮಕದ ಮಿಂಚುಹುಳದ ಒಪ್ಪಿಗೆ ತಗೊಂಡು ಬಾ,” ಎಂದರು ಸಾಹೇಬರು. ತಂದಳು. “ದಾರಿಗೆ ಅಡ್ಡವಾದರೆ? ಸಂಚಾರ ವಿಭಾಗದ ಬಸವನಹುಳದ ಒಪ್ಪಿಗೆ ಎಲ್ಲಿ?” ಕಾದು ಕಾದು ಅದನ್ನೂ ತಂದಳು.

“ಸ್ವಾಮಿ, ನಾಳೆಯೇ ಧಾರೆ. ಮದುಮಗಳನ್ನು ಬಿಸಿಲಲ್ಲಿ ನಿಲ್ಲಿಸಲೇ?”

ಸಾಹೇಬರು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡರು. ಒಳಗಿನಿಂದ ದನಿ ಬಂತು: “ರಸ್ತೆ ಏನು ನಿಮ್ಮಪ್ಪನ ಮನೆ ಆಸ್ತಿಯಾ? ಅನುಮತಿ ಇಲ್ಲ, ನಡಿ.”

ಗಿರಿಯಕ್ಕ ಕಾನೂನಿಗೆ ಹೆದರುವವಳು. ಮದುವೆ ಸುಡುಬಿಸಿಲಲ್ಲೇ ನಡೆಯಿತು. ಅಕ್ಷತೆ ಬೀಳುವ ಮೊದಲೇ ನೆಂಟರೆಲ್ಲ ನೆರಳು ಹುಡುಕಿಕೊಂಡು ಎದ್ದುಹೋದರು. ಅವರನ್ನು ಕರೆತರಲು ಅವಳು ಜಾಡು ಹಿಡಿದು ಹೊರಟಳು.

ಜಾಡು ಮುಗಿದಲ್ಲಿ ಊರಿನ ಮುಖಂಡ ಕೋಣಪ್ಪನವರ ಹುಟ್ಟುಹಬ್ಬದ ಶಾಮಿಯಾನ ಎದ್ದಿತ್ತು. ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ಮುಚ್ಚಿ, ಡಾಂಬರು ಅಗೆದು ಗೂಟ ನೆಟ್ಟಿದ್ದರು. ಮುಖ್ಯ ಅತಿಥಿಯ ಕುರ್ಚಿಯಲ್ಲಿ ಆಮೆ ಸಾಹೇಬರು, ಹಾರ ಹಾಕಿಸಿಕೊಳ್ಳಲು ಕತ್ತನ್ನು ಎಂದೂ ಇಲ್ಲದಷ್ಟು ಚಾಚಿಕೊಂಡು ಕೂತಿದ್ದರು.

“ಇದಕ್ಕೆ ತಾವು ಅನುಮತಿ ಕೊಟ್ಟಿರಾ ಸ್ವಾಮಿ?” ಎಂದು ಗಿರಿಯಕ್ಕ ಕೇಳಿದಳು.

“ಛೆ, ಎಂಥ ಮಾತು!” ಎಂದು ಸಾಹೇಬರು ಸಿಡುಕಿದರು. “ಕೇಳಿದ್ದರೆ ಖಂಡಿತ ಕೊಡುತ್ತಿರಲಿಲ್ಲ. ಅವರು ಕೇಳಲೇ ಇಲ್ಲವಲ್ಲ!”