ಮೂಲೆಯ ಒಂದು ಅಡಿ ಗೆರೆ

ಗುರುಕುಲ ಅಂದಕೂಡಲೇ ನೀವು ಪರ್ಣಕುಟಿ, ಜಿಂಕೆಮರಿ ಅಂತೆಲ್ಲ ಕಲ್ಪಿಸಿಕೊಂಡರೆ ಅದಕ್ಕೆ ನಾನು ಜವಾಬ್ದಾರನಲ್ಲ. ಈ ಗುರುಕುಲ ಹೊಳೆದಂಡೆಯ ಒಂದು ಹಂಚಿನ ಶೆಡ್ಡು. ಒಳಗೆ ಎರಡು ಕಂಪ್ಯೂಟರು, ಗೋಡೆಯುದ್ದಕ್ಕೂ ಕೂತ ಒಂದು ಪ್ಲಾಟರು. ಚಾಪೆಯಷ್ಟು ಅಗಲದ ಕಾಗದದ ಮೇಲೆ ನಕ್ಷೆ ಇಳಿಸಿಕೊಡುವ ಯಂತ್ರ ಅದು.

ಗುರುವಿನ ಹೆಸರು ವಾಮನಯ್ಯ. ಊರಿಗೆಲ್ಲ ಮಾಷ್ಟ್ರು. ದೋಣಿಗಳ ನಕ್ಷೆ ಬರೆಯುತ್ತಲೇ ತಲೆ ನೆರೆತವರು.

ತಮಾಷೆ ಏನೆಂದರೆ ಅವರು ಒಂದು ದೋಣಿಯನ್ನೂ ಹತ್ತಿದವರಲ್ಲ. ಈಜು ಬಾರದು. ನೀರೆಂದರೆ ಭಯ.

"ನಿಮ್ಮದೇ ನಕ್ಷೆಯ ದೋಣಿಯನ್ನೂ ಹತ್ತುವುದಿಲ್ವಾ ಮಾಷ್ಟ್ರೇ?" ಎಂದು ಯಾರಾದರೂ ಕೇಳಿದರೆ, "ಅದನ್ನಂತೂ ಹತ್ತುವುದೇ ಇಲ್ಲ. ಅದರ ತಪ್ಪೆಲ್ಲ ನನಗೊಬ್ಬನಿಗೇ ಗೊತ್ತುಂಟು" ಅನ್ನುತ್ತಿದ್ದರು.

ಶಿಷ್ಯೆ ನಾಗವೇಣಿ. ಹೊಳೆಯ ನಡುವೆ ಒಂದು ಕುದ್ರು ಉಂಟು, ಸುತ್ತ ನೀರು, ಮಧ್ಯೆ ಕೆಲವು ಮನೆ. ಅಲ್ಲಿಯ ಹುಡುಗಿ. ಡಿಪ್ಲೊಮಾ ಮುಗಿಸಿ ಬಂದಿದ್ದಳು. ಕೀಬೋರ್ಡಿನ ಮೇಲೆ ಅವಳ ಬೆರಳು ಓಡಿದರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಸದ್ದು.

ಮೊದಲ ದಿನ ಮಾಷ್ಟ್ರು ಅವಳ ಕೈಗೆ ಒಂದು ಸ್ಟೀಲ್ ಸ್ಕೇಲು ಕೊಟ್ಟರು.

"ಪರದೆಯ ಮೇಲಿರುವ ಆ ಗೆರೆ ಅಳೆ."

ಅಳೆದಳು. "ಗೇಣುದ್ದ ಉಂಟು."

ಮಾಷ್ಟ್ರು ಮೌಸಿನ ಚಕ್ರ ತಿರುಗಿಸಿದರು. ಗೆರೆ ಬೆಳೆಯಿತು. "ಈಗ?"

"ಈಗ ಮೊಳ ಉದ್ದ. ಅದು ನೀವು ಹತ್ತಿರ ತಂದದ್ದಕ್ಕೆ ಮಾಷ್ಟ್ರೇ. ನಿಜವಾಗಿ ಗೆರೆ ಒಂದು ಅಡಿ. ಇಲ್ಲಿ ಬರೆದೇ ಉಂಟಲ್ಲ."

"ದೋಣಿ ಕಟ್ಟುವ ಆಚಾರಿಗೆ ಕೊಡುವುದು ಪರದೆಯನ್ನಾ, ಕಾಗದವನ್ನಾ?"

"ಕಾಗದವನ್ನು."

"ಹಾಗಾದರೆ ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ಅಡಿ ಗೆರೆ ಹಾಕು. ಅಡ್ಡಕ್ಕೊಂದು, ಉದ್ದಕ್ಕೊಂದು. ಹಾಳೆ ಹೊರಗೆ ಬಂದ ಮೇಲೆ ಅಳೆ. ಸ್ಕೇಲು ಈ ಮೊಳೆಯಲ್ಲಿ ನೇತಾಡ್ತಾ ಇರುತ್ತದೆ."

ಅವಳಿಗೆ ಒಳಗೊಳಗೇ ನಗು. ಕಂಪ್ಯೂಟರು ಲೆಕ್ಕ ತಪ್ಪುವುದುಂಟಾ? ಆದರೂ ಹೂಂ ಅಂದಳು.

ಇನ್ನೊಮ್ಮೆ ಅವಳು ಒಂದು ನಕ್ಷೆಯನ್ನು ಬಣ್ಣಬಣ್ಣದಲ್ಲಿ ಇಳಿಸಿದಳು. ಹಲಗೆಗೆ ಕೆಂಪು, ಮೊಳೆಗೆ ನೀಲಿ, ಅಳತೆಗಳಿಗೆ ಹಳದಿ. ಪರದೆಯ ಮೇಲೆ ಅದು ಎಷ್ಟು ಚೆಂದ ಕಾಣುತ್ತಿತ್ತು ಅಂತೀರಿ!

ಮಾಷ್ಟ್ರು ಹಾಳೆ ಹಿಡಿದು ಅಂಗಳಕ್ಕೆ ನಡೆದರು. ಸುಡು ಮಧ್ಯಾಹ್ನ. "ಅಳತೆ ಓದು."

ನಾಗವೇಣಿ ಕಣ್ಣು ಕಿರಿದು ಮಾಡಿದಳು, ಹಾಳೆ ಓರೆ ಮಾಡಿದಳು. ಹಳದಿ ಅಂಕೆಗಳು ಬಿಸಿಲಲ್ಲಿ ಮಾಯವಾಗಿದ್ದವು.

"ಕಾಣುವುದಿಲ್ಲ ಮಾಷ್ಟ್ರೇ."

"ಪರದೆಯ ಬಣ್ಣ ನಿನಗೆ. ಕಾಗದದ ಕಪ್ಪು ಆಚಾರಿಗೆ. ಕೊಯ್ಯುವ ಗೆರೆ ದಪ್ಪ, ಉಳಿದದ್ದು ತೆಳು. ಹೋಗು."

ಅವಳು ಮತ್ತೆ ಇಳಿಸಿದಳು. ಅವಸರದಲ್ಲಿ ಶಾಯಿ ಒಣಗುವ ಮೊದಲೇ ಸುರುಳಿ ಸುತ್ತಿದಳು. ಬಿಚ್ಚಿದರೆ ಗೆರೆಯೆಲ್ಲ ಮಸಿ ಮಸಿ. ಮಾಷ್ಟ್ರು ಆ ಹಾಳೆಯನ್ನು ಅವಳ ಕುರ್ಚಿಯ ಎದುರಿಗೇ ಅಂಟಿಸಿಟ್ಟರು. ಮತ್ತೆ ಆ ತಪ್ಪು ಆಗಲಿಲ್ಲ.

ದಿನಾ ಸಂಜೆ ಮಾತ್ರ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ.

"ಮೂಲೆಯ ಗೆರೆ ಅಳೆದೆಯಾ?"

"ಹೂಂ ಮಾಷ್ಟ್ರೇ."

ಮೊದಮೊದಲು ಅಳೆದೇ ಹೂಂ ಅನ್ನುತ್ತಿದ್ದಳು. ಪ್ರತಿಸಲವೂ ಸರಿಯಾಗಿ ಒಂದು ಅಡಿಯೇ. ಆಮೇಲಾಮೇಲೆ ಗೆರೆ ಹಾಕುವುದಷ್ಟೇ ಉಳಿಯಿತು. ಸ್ಕೇಲು ಮೊಳೆಯಲ್ಲೇ ಧೂಳು ಹಿಡಿಯಿತು.

ಹೀಗಿರುವಾಗ ಕುದ್ರಿನಿಂದ ಸೂರ ಮಾವ ಬಂದ. ನಾಗವೇಣಿಯ ತಾಯಿಯ ತಮ್ಮ. ಕುದ್ರಿನ ಜನರನ್ನು ಆಚೆ ದಡಕ್ಕೆ ದಾಟಿಸುವವನು ಅವನೇ.

"ಹಳೆ ದೋಣಿ ಮುಗೀತು ಮಾಷ್ಟ್ರೇ. ನಾನು ಹುಟ್ಟು ಹಾಕಬೇಕು, ಇನ್ನೊಬ್ಬರು ಡಬ್ಬಿ ಹಿಡಿದು ನೀರು ಎತ್ತಿ ಹೊರಗೆ ಚೆಲ್ಲಬೇಕು. ಮಳೆ ಹಿಡಿದು ಹೊಳೆ ಏರಿದರೆ ಅದು ದಾಟಲಿಕ್ಕಿಲ್ಲ. ನನ್ನ ಮಗಳಿಗೆ ಆಷಾಢದಲ್ಲಿ ಹೆರಿಗೆ. ಆಸ್ಪತ್ರೆ ಆಚೆ ದಡದಲ್ಲಿ."

"ಮರ ಉಂಟಾ?"

"ಹೆಬ್ಬಲಸು ಒಂದೇ ಉಂಟು. ದೋಣಿಗಾಗುವಂಥದ್ದು ಕುದ್ರಿನಲ್ಲಿ ಉಳಿದ ಕೊನೆಯ ಮರ. ಕಡಿದಾಯ್ತು. ಅದು ಹಾಳಾದರೆ ಇನ್ನೊಂದಿಲ್ಲ."

ಮಾಷ್ಟ್ರು ಶಿಷ್ಯೆಯ ಕಡೆ ತಿರುಗಿದರು. "ನಿನ್ನ ಕುದ್ರು. ನೀನೇ ಬರೆ."

ನಾಗವೇಣಿಗೆ ಖುಷಿ ತಡೆಯಲಾಗಲಿಲ್ಲ. ಊಟ ಮರೆತು ಬರೆದಳು. ದೋಣಿಗೂ ಪಕ್ಕೆಲುಬು ಉಂಟು ನೋಡಿ. ಮುಂದೆ ಮೂತಿಯ ಹತ್ತಿರ ಸಣ್ಣದು, ನಡುವಿಗೆ ಬರುತ್ತಾ ಅಗಲ, ಹಿಂದಕ್ಕೆ ಹೋಗುತ್ತಾ ಮತ್ತೆ ಸಣ್ಣದು. ಒಂದೊಂದನ್ನೂ ಅದು ಎಷ್ಟಿರಬೇಕೋ ಅಷ್ಟೇ ಅಳತೆಯಲ್ಲಿ ಕಾಗದಕ್ಕೆ ಇಳಿಸುವುದು. ಆಚಾರಿ ಆ ಕಾಗದವನ್ನು ಮರಕ್ಕೆ ಅಂಟಿಸಿ, ಗೆರೆಯ ಮೇಲೇ ಗರಗಸ ಓಡಿಸುವುದು.

ಸಣ್ಣ ಪಕ್ಕೆಲುಬುಗಳು ಸರಸರ ಹೊರಬಂದವು. ನಡುವಿನ ದೊಡ್ಡವು ಬಂದಾಗ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಚಿತ್ರ ಕಾಗದಕ್ಕಿಂತ ಅಗಲ ಉಂಟು, ಕಾಗದಕ್ಕೆ ಹೊಂದಿಸಲೇ?

ಅವಳು ಪೂರ್ತಿ ಓದಲೂ ಇಲ್ಲ. ಹೂಂ ಒತ್ತಿದಳು.

ಮರುದಿನ ಬೆಳಿಗ್ಗೆ ಶೇಷ ಆಚಾರಿ ಬಂದರು. ಆ ಮರದ ಹಲಗೆಗಳು ದಂಡೆಯಲ್ಲಿ ಸಾಲಾಗಿ ಬಿದ್ದಿದ್ದವು. ಸೂರ ಮಾವ ಹೊಸ ಅಂಗಿ ಹಾಕಿ ಬಂದಿದ್ದ, ಮದುವೆಮನೆಗೆ ಬಂದವನ ಹಾಗೆ. "ನಮ್ಮ ಹುಡುಗಿ ಬರೆದ ದೋಣಿ ಆಚಾರ್ರೇ!" ಎಂದು ಹೇಳಿದ್ದೇ ಹೇಳಿದ್ದು.

ಹಾಳೆ ಅಂಟಿಸುವ ಮೊದಲು ಆಚಾರಿ ಗರಗಸ ಎತ್ತಿ ಹಲ್ಲು ಸವರಿ ನೋಡಿದರು.

"ಆಚಾರ್ರೇ," ಮಾಷ್ಟ್ರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು, "ಮೊದಲು ಒಂದು ಎಲೆಅಡಿಕೆ ಹಾಕಿ."

ಆಚಾರಿ ಗರಗಸ ಇಟ್ಟು ಎಲೆಚೀಲ ಬಿಚ್ಚಿದರು. ಬೇಡ ಅನ್ನುವ ಜನವೇ ಅಲ್ಲ.

"ನಾಗವೇಣೀ, ಹಾಳೆಗಳನ್ನೆಲ್ಲ ಮರಳಿನ ಮೇಲೆ ಸಾಲಾಗಿ ಹಾಸು. ಮೂತಿಯಿಂದ ಬಾಲದವರೆಗೆ. ಆಮೇಲೆ ಪಕ್ಕದಲ್ಲಿ ನಡೆದು ನೋಡು."

ಅವಳು ಹಾಸಿದಳು. ಗಾಳಿಗೆ ಹಾರದಂತೆ ಕಲ್ಲು ಹೇರಿದಳು. ಮೂತಿಯಿಂದ ನಡೆಯತೊಡಗಿದಳು. ಪಕ್ಕೆಲುಬು ಅಗಲವಾಯಿತು, ಇನ್ನೂ ಅಗಲವಾಯಿತು, ಇನ್ನೂ...

ನಿಂತಳು. ಹಿಂದೆ ಬಂದಳು. ಮತ್ತೆ ನೋಡಿದಳು.

ನಡುವಿನ ದೊಡ್ಡ ಪಕ್ಕೆಲುಬುಗಳು ಅಗಲವಾಗುವುದನ್ನೇ ನಿಲ್ಲಿಸಿದ್ದವು. ಎಲ್ಲವೂ ಒಂದೇ ಅಗಲ, ಸರಿಯಾಗಿ ಕಾಗದದ ಅಗಲ. ದೋಣಿಗೆ ಹೊಟ್ಟೆಯೇ ಇರಲಿಲ್ಲ.

ಶೆಡ್ಡಿಗೆ ಓಡಿದಳು. ಮೊಳೆಯಿಂದ ಸ್ಕೇಲು ತಂದು ಆ ಹಾಳೆಗಳ ಮೂಲೆಯ ಗೆರೆ ಅಳೆದಳು. ಒಂದು ಅಡಿ ಇರಲಿಲ್ಲ. ಒಂದರಲ್ಲೂ ಇರಲಿಲ್ಲ.

"ದೋಣಿ ಬರೆದದ್ದು ಯಾರು?" ಮಾಷ್ಟ್ರು ಕೇಳಿದರು.

"ನಾನು."

"ಅಲ್ಲ. ಕಾಗದ."

ಅವಳು ಬಗ್ಗಿ, ಕಾಗದದ ಅಂಚಿಗೇ ತಾಗಿ ನಿಂತ ಗೆರೆಯ ಮೇಲೆ ಬೆರಳಿಟ್ಟಳು.

"ಯಂತ್ರ ನಿನ್ನನ್ನು ಕೇಳಲಿಲ್ವಾ?"

"ಕೇಳಿತ್ತು. ಕಾಗದಕ್ಕೆ ಹೊಂದಿಸಲಾ ಅಂತ."

"ನೀನು?"

"ಹೂಂ ಅಂದೆ."

"ನನಗೆ ದಿನಾ ಸಂಜೆ ಹೇಳ್ತಿದ್ದೆಯಲ್ಲ, ಅದೇ ಹೂಂ?"

ಅವಳ ಕಣ್ಣು ತುಂಬಿತು. ಕೈಯಲ್ಲಿದ್ದ ಸ್ಕೇಲಿನ ಧೂಳನ್ನು ಉಜ್ಜತೊಡಗಿದಳು.

ಸೂರ ಮಾವ ಓಡಿ ಬಂದ. "ಎಂತ ಆಯ್ತು?"

"ಮಾವಾ, ನಾನು ತಪ್ಪಿದೆ. ನಡುವಿನದ್ದೆಲ್ಲ ಸಣ್ಣದಾಗಿದೆ. ಹಲಗೆ ಕೂರುತ್ತಿರಲಿಲ್ಲ. ಮರ ಪೂರಾ ದಂಡವಾಗ್ತಿತ್ತು."

"ಹಲಗೆ ಕೊಯ್ದಾಯ್ತಾ?"

"ಇಲ್ಲ."

"ಮತ್ತೆಂತಕ್ಕೆ ಅಳ್ತಿ ಮಾರಾಯ್ತಿ? ಕಾಗದ ಅಲ್ದಾ ಹೋದದ್ದು!"

ಅವಳು ಕಣ್ಣೊರೆಸಿಕೊಂಡು ಶೆಡ್ಡಿನೊಳಗೆ ಓಡಿದಳು. ಚಿತ್ರವನ್ನು ಅಡ್ಡ ತಿರುಗಿಸಿದರೆ ಆಯ್ತಲ್ಲ! ಕಾಗದದ ಅಗಲಕ್ಕೆ ಮಿತಿ ಉಂಟು, ಉದ್ದಕ್ಕೆಲ್ಲಿ ಮಿತಿ? ಸುರುಳಿ ಮುಗಿಯುವ ತನಕ ಎಳೆಯಬಹುದು. ಖುಷಿಯಿಂದ ಪ್ಲಾಟರಿನ ಮುಚ್ಚಳ ಎತ್ತಿದಳು.

ಸುರುಳಿಯಲ್ಲಿ ಉಳಿದದ್ದು ತುಸುವೇ. ತಪ್ಪು ಹಾಳೆಗಳಿಗೇ ಅರ್ಧಕ್ಕರ್ಧ ಖರ್ಚಾಗಿತ್ತು.

"ಮಾಷ್ಟ್ರೇ, ಕಾಗದ ಸಾಲುವುದಿಲ್ಲ. ಹೊಸ ಸುರುಳಿ ಮಂಗಳೂರಿಂದ ಬರಬೇಕು. ಅದು ಬರುವಾಗ ಮಳೆ ಹಿಡಿಯುತ್ತದೆ. ಆಚಾರ್ರೂ ಬೇರೆ ಕೆಲಸಕ್ಕೆ ಹೋಗ್ತಾರೆ."

ಮಾಷ್ಟ್ರು ಹೊರಗೆ ಹೋಗಿ ಆಚಾರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಎಲೆಚೀಲದಿಂದ ಒಂದು ವೀಳ್ಯದೆಲೆ ತೆಗೆದರು. ನಡುವಿನ ನರದ ಗುಂಟ ಮಡಚಿದರು. ಒಂದು ಅಂಚು ಇನ್ನೊಂದರ ಮೇಲೆ ಸರಿಯಾಗಿ ಕೂತಿತು.

ಎಲೆಯನ್ನು ಹಾಗೇ ಶಿಷ್ಯೆಯ ಕೈಗೆ ಕೊಟ್ಟರು. "ನಾನು ಚಾ ಕುಡಿದು ಬರ್ತೇನೆ" ಎಂದು ಎದ್ದು ಹೋದರು.

"ಇದೆಂತದು? ನನಗೆಂತಕ್ಕೆ ಎಲೆ?" ನಾಗವೇಣಿ ಗೊಣಗಿದಳು.

ಮಡಚಿದಳು. ಬಿಡಿಸಿದಳು. ಮತ್ತೆ ಮಡಚಿದಳು.

"ಆಚಾರ್ರೇ!" ಅವಳ ದನಿಗೆ ದಂಡೆಯ ಕೊಕ್ಕರೆ ಹಾರಿತು. "ದೋಣಿಯ ಎಡಬಲ ಎರಡೂ ಒಂದೇ ಅಲ್ವಾ? ಅರ್ಧ ಬರೆದುಕೊಟ್ಟರೆ, ಒಮ್ಮೆ ಗೆರೆ ಎಳೆದು, ಹಾಳೆ ಮಗುಚಿ ಹಾಕಿ ಇನ್ನರ್ಧ ಎಳೆದುಕೊಳ್ತೀರಾ?"

ಆಚಾರಿ ಎಲೆ ಜಗಿಯುವುದನ್ನು ನಿಲ್ಲಿಸಿದರು. "ಎಂತಕ್ಕೆ ಆಗುವುದಿಲ್ಲ ತಂಗೀ? ಮಗುಚುವ ಕಡೆ ಒಂದು ನೇರ ಗೆರೆ ಹಾಕಿಕೊಡು. ಎರಡು ಬದಿಯೂ ಅವಳಿ ಮಕ್ಕಳು."

ಅವಳು ಕೂತಳು. ನಡುಗೆರೆ ಹಾಕಿದಳು, ದಪ್ಪಕ್ಕೆ, ಕಪ್ಪಗೆ. ಮೂಲೆಯಲ್ಲಿ ಅಡ್ಡ ಗೆರೆ, ಉದ್ದ ಗೆರೆ. ಯಂತ್ರ ಕೇಳುವ ಪ್ರಶ್ನೆಯನ್ನೆಲ್ಲ ಗಟ್ಟಿಯಾಗಿ ಓದಿದಳು. ಹೊಂದಿಸುವುದು ಬೇಡ, ಇದ್ದ ಹಾಗೇ ಇರಲಿ ಎಂದು ಒತ್ತಿದಳು. ಮೊದಲು ಮೂಲೆಯ ಗೆರೆಯೊಂದನ್ನೇ ಸಣ್ಣ ತುಂಡಿನಲ್ಲಿ ಇಳಿಸಿ ಸ್ಕೇಲು ಇಟ್ಟಳು.

ಒಂದು ಅಡಿ! ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಆಮೇಲೆ ಅರ್ಧ ಪಕ್ಕೆಲುಬುಗಳು ಒಂದೊಂದಾಗಿ ಇಳಿದವು. ಒಂದೊಂದನ್ನೂ ಒಣಗಲು ಬಿಟ್ಟಳು, ಒಂದೊಂದನ್ನೂ ಅಳೆದಳು. ಕೊನೆಯ ಹಾಳೆ ಬೀಳುವಾಗ ಸುರುಳಿಯ ಒಳಗಿನ ಕೊಳವೆ ಬರಿದಾಗಿ ಗಡಗಡ ಉರುಳಿತು.

ಚಾ ಕುಡಿದು ಬಂದ ಮಾಷ್ಟ್ರು ಬಾಗಿಲಲ್ಲೇ ನಿಂತರು. "ಮೂಲೆಯ ಗೆರೆ..."

"ಬನ್ನಿ, ನೀವೇ ನೋಡಿ!" ಅವಳು ಸ್ಕೇಲನ್ನು ಹಾಳೆಯ ಮೇಲಿಟ್ಟು ತೋರಿಸಿದಳು. ಆ ದಿನ ಅವಳು ಹೂಂ ಅನ್ನಲಿಲ್ಲ.

ಆಚಾರಿಯ ಗರಗಸ ಹಾಡತೊಡಗಿತು. ಪಕ್ಕೆಲುಬುಗಳು ಎದ್ದು ನಿಂತವು. ಹಲಗೆಗಳನ್ನು ಬಾಗಿಸಿ ಒತ್ತಿದರೆ ಮೂತಿಯಿಂದ ಬಾಲದವರೆಗೆ ಎಲ್ಲೂ ಉಬ್ಬಲಿಲ್ಲ, ಎಲ್ಲೂ ಸಂದು ಬಿಡಲಿಲ್ಲ. ಆಚಾರಿ ಅಂಗೈಯಲ್ಲಿ ಸವರಿ ನೋಡಿ, "ಕೂತಿತು ತಂಗೀ, ಕೂತಿತು!" ಎಂದು ಕೂಗಿದರು. ನಾಗವೇಣಿ ಆ ಹೊಟ್ಟೆ ತುಂಬಿದ ದೋಣಿಯನ್ನು ನೋಡಿ ನಿಂತಲ್ಲೇ ಕುಣಿದಳು.

ಮೋಡ ಕಟ್ಟಿದ್ದ ಒಂದು ಬೆಳಿಗ್ಗೆ ದೋಣಿ ನೀರಿಗಿಳಿಯಿತು. ಕುದ್ರಿನ ಜನವೆಲ್ಲ ದಂಡೆಯಲ್ಲಿದ್ದರು. ಸೂರ ಮಾವನ ಮಗಳು ತುಂಬಿದ ಬಸುರಿ, ಅವಳೂ ಬಂದು ದೋಣಿಯ ಮೂತಿಗೆ ಕುಂಕುಮ ಇಟ್ಟಳು. ತೆಂಗಿನಕಾಯಿ ಒಡೆಯಿತು.

ಸೂರ ಮಾವ ಹೊಳೆಯ ಮಧ್ಯದ ತನಕ ಹೋಗಿ ತಿರುಗಿ ಬಂದ. ಬಗ್ಗಿ ದೋಣಿಯ ತಳ ಮುಟ್ಟಿದ. ಒದ್ದೆಯಾಗದ ಅಂಗೈಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಅಭ್ಯಾಸಬಲದಿಂದ ನೀರೆತ್ತುವ ಡಬ್ಬಿ ತಂದಿದ್ದ, ಅದನ್ನು ಬೀಸಿ ದಂಡೆಗೆ ಎಸೆದ. ಹೋ ಎಂದು ಕೇಕೆ ಎದ್ದಿತು. ಡಬ್ಬಿ ಉರುಳಿ ಉರುಳಿ ಮಾಷ್ಟ್ರ ಕಾಲ ಬಳಿ ನಿಂತಿತು.

"ಈಗ ನೀನು ಹುಟ್ಟು ಹಿಡಿ" ಎಂದು ಮಾವ ನಾಗವೇಣಿಯನ್ನು ಹತ್ತಿಸಿ ತಾನು ಇಳಿದ.

ಅಷ್ಟರಲ್ಲಿ ಕೇಕೆ ನಿಂತಿತು.

ಮಾಷ್ಟ್ರು ಪಂಚೆ ಮೇಲೆತ್ತಿ ಕಟ್ಟಿ ನೀರಿಗೆ ಕಾಲಿಟ್ಟಿದ್ದರು. ಮೊಣಕಾಲುದ್ದ ನೀರಿನಲ್ಲಿ ನಿಧಾನಕ್ಕೆ ಬಂದು, ಎರಡು ಕೈಯಲ್ಲೂ ಅಂಚು ಹಿಡಿದು, ದೋಣಿಯೊಳಗೆ ಹತ್ತಿದರು. ಹೋಗಿ ಸರಿಯಾಗಿ ನಡುವೆ, ಎಲ್ಲಕ್ಕಿಂತ ಅಗಲದ ಪಕ್ಕೆಲುಬಿನ ಮೇಲಿನ ಹಲಗೆಯಲ್ಲಿ ಕೂತರು.

"ಮಾಷ್ಟ್ರೇ!" ನಾಗವೇಣಿಗೆ ಗಾಬರಿ. "ನಿಮಗೆ ಈಜು ಬರುವುದಿಲ್ಲ! ಸ್ಕೇಲಾದರೂ ತಂದು ಒಮ್ಮೆ ಅಳೆದು ನೋಡಬಾರದಾ?"

ಮಾಷ್ಟ್ರು ಕಾಲು ಚಾಚಿ ಕೂತುಕೊಂಡರು.

"ಅಳೀತಾ ಇದ್ದೇನಲ್ಲ. ನೀನು ಹುಟ್ಟು ಹಾಕು."