ದುಗ್ಗ ತಂದ ಗಂಧದೆಣ್ಣೆ

ಹೂಂ ಅಂತಾ ಇರಿ, ಕತೆ ನಡೀತಾ ಇರ್ತದೆ. ಒಂದು ಗುಡ್ಡ. ಗುಡ್ಡದ ಮೇಲೊಂದು ಬುದ್ಧವಿಹಾರ. ಗುಡ್ಡದ ಬುಡದಲ್ಲಿ ಸಂಕವ್ವನ ಗುಡಿಸಲು. ವಿಹಾರಕ್ಕೆ ಹೂ ಕಟ್ಟಿ ಕೊಡೋದು ಅವಳ ಕೆಲಸ. ಅವಳಿಗೊಬ್ಬನೇ ಮಗ, ದುಗ್ಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ಬಾಗಿಲು ನೋಡ್ಕೊಂಡಿರೋ" ಅಂದ್ರೆ ಬಾಗಿಲನ್ನೇ ನೋಡ್ತಾ ಕೂತಿರೋನು. ಹಿತ್ತಲಿಂದ ಮೇಕೆ ನುಗ್ಗಿ ಹೂವೆಲ್ಲ ಮೇಯ್ದು ಹೋಗೋದು!

ಗಂಡ ತೀರಿಕೊಂಡ ಮೇಲೆ ಸಂಕವ್ವನಿಗೆ ನಿದ್ದೆ ಹಾರಿಹೋಯ್ತು. ಕಣ್ಣು ಮುಚ್ಚಿದ್ರೆ ಒಂದೇ ಚಿಂತೆ: ನಾನೂ ಹೋದ್ರೆ ಈ ಪೆದ್ದನ ಗತಿ ಏನು? ಹಗಲೆಲ್ಲ ಕೂತಲ್ಲೇ ತೂಕಡಿಸೋಳು. ಹೂ ಕಟ್ಟಿದ್ರೆ ಮಾಲೆ ಬಿಚ್ಚಿಕೊಳ್ಳೋದು.

ವಿಹಾರದ ಹಿರಿಯ ಭಿಕ್ಷುವನ್ನ ಎಲ್ಲರೂ ಭಂತೆ ಅಂತಿದ್ರು. ಅವರು ಕೇಳಿ ಮರುಗಿದರು. "ತಾಯಿ, ಗಂಧ, ಲಾವಂಚ ಹಾಕಿ ಕಾಯಿಸಿದ ಎಣ್ಣೆ ಇದೆ. ನಾವೆಲ್ಲ ಕೂತು ಪಠಣ ಮಾಡಿ ಹರಸಿದ್ದು. ಮಗನನ್ನ ಕಳಿಸಿ" ಅಂದರು.

ದುಗ್ಗ ಕುಡಿಕೆ ಹಿಡ್ಕೊಂಡು ಹೋದ. ಭಂತೆ ಎಣ್ಣೆ ಹುಯ್ದು ಹೇಳಿದರು: "ಮಲಗೋರ ಹಣೆಗೆ ಒಂದು ತೊಟ್ಟು ಹಚ್ಚಪ್ಪ. ಎಲ್ಲ ಜೀವಿಗಳೂ ಸುಖವಾಗಿರಲಿ ಅನ್ನು."

"ಹಂಗೇ ಆಗಲಿ ಭಂತೆ!"

ದಾರೀಲಿ ನಾಯಿ ಮಲಗಿತ್ತು. ಹಚ್ಚಿದ. "ಸುಖವಾಗಿರು!" ಅಗಸರ ಕತ್ತೆ ಮಲಗಿತ್ತು. ಹಚ್ಚಿದ. "ಸುಖವಾಗಿರು!" ಅರಳಿಕಟ್ಟೆ ಮೇಲೆ ಊರಗೌಡ ಬಾಯಿ ಕಳಕೊಂಡು ಮಲಗಿದ್ದ. ಅವನಿಗೂ ಹಚ್ಚಿದ. ಗೌಡ ಎದ್ದು ಮನೇ ತನಕ ಅಟ್ಟಿಸಿಕೊಂಡು ಬಂದ! ಕುಡಿಕೆ ಬರಿದು.

"ಅಯ್ಯೋ ನನ್ನ ಕರ್ಮವೇ! ದಾರೀಲಿ ಹಚ್ಚಬಾರದು ಕಣೋ! ಮೊದಲು ಎಣ್ಣೇನ ಬುದ್ಧನ ಮುಂದಿಟ್ಟು ಕೈ ಮುಗೀಬೇಕು!"

"ಹಂಗೇ ಆಗಲಿ ಕಣವ್ವ!"

ಮಾರನೇ ದಿನ ಹೋದ. ಎಣ್ಣೆ ಹುಯ್ಯಿಸಿಕೊಂಡ. ಕೈ ಬೀಸ್ಕೊಂಡು ಬಂದ.

"ಎಣ್ಣೆ ಎಲ್ಲೋ?"

"ಬುದ್ಧನ ಮುಂದೆ!"

"ಯಾವ ಬುದ್ಧ?"

"ಗುಡ್ಡದ ಮೇಲಿನ ಬುದ್ಧ! ಕೈಯೂ ಮುಗಿದೆ!"

"ಮುಂಡೇದೇ! ನಮ್ಮನೆ ಗೂಡಿನಲ್ಲಿರೋ ಬುದ್ಧನ ಮುಂದೆ ಕಣೋ! ಅಲ್ಲಿ ಏನನ್ನೂ ಬಿಟ್ಟು ಬರಬೇಡ, ಮನೆಗೆ ತಾ!"

"ಹಂಗೇ ಆಗಲಿ ಕಣವ್ವ!"

ಮತ್ತೆ ಹೋದ. ಸಂಜೆ ಸಂಕವ್ವ ಬಾಗಿಲಲ್ಲಿ ನಿಂತು ನೋಡ್ತಾಳೆ, ದುಗ್ಗ ಬರ್ತಾ ಅವ್ನೆ. ಕೈಯಲ್ಲಿ ಎಣ್ಣೆ ಕುಡಿಕೆ. ಕಂಕುಳಲ್ಲಿ ವಿಹಾರದ ಪೊರಕೆ, ಚಾಪೆ. ಹೆಗಲ ಮೇಲೆ ಭಂತೆ!

"ಏನನ್ನೂ ಬಿಟ್ಟು ಬಂದಿಲ್ಲ ಕಣವ್ವ!"

ಸಂಕವ್ವ ತಲೆ ಚಚ್ಚಿಕೊಂಡಳು. ಭಂತೆ ಕೆಳಗಿಳಿದು ಕಾವಿಬಟ್ಟೆ ಸರಿಮಾಡಿಕೊಂಡು ನಕ್ಕರು. "ಇರಲಿ ತಾಯಿ, ಬಂದದ್ದು ಒಳ್ಳೇದೇ ಆಯ್ತು" ಅಂತ ದೀಪ ಹಚ್ಚಿ, ಎಣ್ಣೇನ ಗೂಡಿನ ಬುದ್ಧನ ಮುಂದಿಟ್ಟರು. ಬುದ್ಧನಿಗೆ ಶರಣು, ಧಮ್ಮಕ್ಕೆ ಶರಣು, ಸಂಘಕ್ಕೆ ಶರಣು ಅಂತ ಹೇಳಿಸಿದರು. "ಮಲಗೋ ಮುಂಚೆ ನಿಮ್ಮ ಭಾರವನ್ನೆಲ್ಲ ಇಲ್ಲಿ ಇಳಿಸಿಬಿಡಿ ತಾಯಿ. ಆಮೇಲೆ ಎಣ್ಣೆ ಹಚ್ಚೋಣ."

ದುಗ್ಗ ಎದ್ದ. ಬೀಸೋಕಲ್ಲು ತಂದಿಟ್ಟ. ರಾಗಿ ಮೂಟೆ ತಂದಿಟ್ಟ. ಒರಳಿಗೆ ಕೈ ಹಾಕಿದ.

"ನಿಲ್ಲಿಸೋ! ಅದಲ್ವೋ ನನ್ನ ಭಾರ! ನನ್ನ ಭಾರ ನೀನೇ ಕಣೋ!"

ದುಗ್ಗ ಒರಳು ಬಿಟ್ಟ. ಆಮೇಲೆ ಬೀಸೋಕಲ್ಲು ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ತಾನೇ ಮುದುರಿ ಕೂತ. "ಬುದ್ಧಪ್ಪ, ಅವ್ವ ನನ್ನ ಇಳಿಸಿದಾಳೆ. ನೀನೇ ನೋಡ್ಕೊ."

ಸಂಕವ್ವನಿಗೆ ನಗು ಬಂತು, ಅಳು ಬಂತು, ಯಾವುದನ್ನ ತಡೀಬೇಕೋ ಗೊತ್ತಾಗಲಿಲ್ಲ.

ಭಂತೆ ಹೇಳಿದರು: "ನನ್ನನ್ನ ಹೊತ್ತು ಗುಡ್ಡ ಇಳಿದವನು ನೀರು ಹೊತ್ತು ಗುಡ್ಡ ಹತ್ತಲಾರನೇ? ನಾಳೆಯಿಂದ ವಿಹಾರಕ್ಕೆ ಕಳಿಸಿ ತಾಯಿ. ನೀವಿದ್ದರೂ ಇಲ್ಲದಿದ್ದರೂ ಅಲ್ಲಿ ಇವನಿಗೆ ಅನ್ನ ಇದೆ, ನೆಲೆ ಇದೆ."

ಸಂಕವ್ವನ ಎದೆ ಹಗುರಾಯ್ತು. ಭಂತೆ ಹರಸಿ ಹೊರಟರು. ದುಗ್ಗ ಅವ್ವನ ಹಣೆಗೆ ಒಂದು ತೊಟ್ಟು ಹಚ್ಚಿದ. ಗಂಧದ ಪರಿಮಳ ಗುಡಿಸಲು ತುಂಬಿತು. ಅವಳ ರೆಪ್ಪೆ ಭಾರವಾಯ್ತು. "ಬೆಳಿಗ್ಗೆ ನನ್ನ ಯಾರೂ ಎಬ್ಬಿಸದಂಗೆ ನೋಡ್ಕೊಳ್ಳೋ..."

"ಹಂಗೇ ಆಗಲಿ ಕಣವ್ವ!"

ಎಷ್ಟು ಹೊತ್ತು ಮಲಗಿದಳೋ! ಎದ್ದು ಹೊರಗೆ ಬಂದ್ರೆ ಪಕ್ಕದ ಮನೆ ಹುಂಜ ಕವುಚಿಟ್ಟ ಬಿದಿರ ಮಂಕರಿ ಕೆಳಗೆ ಒದ್ದಾಡ್ತಾ ಇದೆ. ಗುಡಿಸಲ ಸೂರಿನ ಮೇಲೆ ದುಗ್ಗ, ಕಂಬಳಿ ಅಗಲಿಸಿ ಹಿಡಿದು, ಬೆವರು ಸುರಿಸ್ತಾ ಸೂರ್ಯನನ್ನ ಗದರಿಸ್ತಾ ಇದಾನೆ: "ಹೋಗಯ್ಯ, ಆ ಕಡೆ ಹೋಗು! ಅವ್ವ ಮಲಗಿದಾಳೆ!"

ಸಂಕವ್ವ ಬೈಯೋಕೆ ಬಾಯಿ ತೆಗೆದಳು. ಬೈಗುಳ ಬರಲಿಲ್ಲ, ಆಕಳಿಕೆ ಬಂತು. "ಒಸಿ ಎಡಕ್ಕೆ ಸರಿಯೋ ದುಗ್ಗ, ಬಿಸಿಲು ಬೀಳ್ತೈತೆ" ಅಂದು ಒಳಗೆ ಹೋಗಿ ಮತ್ತೆ ಉರುಳಿಕೊಂಡಳು.

ದುಗ್ಗ ಎಡಕ್ಕೆ ಸರಿದ. ಇನ್ನೂ ಸರಿದ. ಸೂರು ಮುಗೀತು, ಆದರೂ ಸರಿದ!

ಕೆಳಗೆ ಹುಲ್ಲಿನ ಬಣವೆ ಇತ್ತು, ಬಚಾವಾದ. ಅದರೊಳಗಿಂದ ಕೂಗು ಬಂತು: "ಇಷ್ಟು ಸರಿದರೆ ಸಾಕೇನವ್ವಾ?"