ಮರದಲ್ಲಿ ಶಾಂತವಾಗಿದ್ದ ಕಡಲು

ನ್ಯೂಜಿಲೆಂಡಿನ ಒಂದು ಕಡಲೂರಿನಲ್ಲಿ ತಾಮತಿ ಎಂಬ ಮಾವೋರಿ ಕೆತ್ತನೆಗಾರನಿದ್ದ. ಗುಡ್ಡದ ಮೇಲೆ ಅವನ ಚಪ್ಪರ. ಅಲ್ಲಿ ಕೂತು ಗಂಟೆಗಟ್ಟಲೆ ಸಮುದ್ರ ನೋಡುವನು, ನೋಡಿದ್ದನ್ನು ಮರದಲ್ಲಿ ಕೆತ್ತುವನು. ಅವನ ಅಲೆಗಳನ್ನು ಮುಟ್ಟಿದರೆ ಕೈ ಒದ್ದೆಯಾದೀತು ಎಂದು ಊರವರು ತಮಾಷೆ ಮಾಡುತ್ತಿದ್ದರು.

ದೋಣಿ ಇಳಿಸುವ ಜಾಗ ಕೆಳಗೆ ಬಂಡೆಗಳ ಮರೆಯಲ್ಲಿತ್ತು. ಅಲ್ಲಿಂದ ಹೊರಗಡಲು ಕಾಣದು. ಗುಡ್ಡ ಹತ್ತಿದರೆ ಕಾಣುತ್ತದೆ, ಆದರೆ ಹತ್ತುವವರು ಯಾರು? ಮೀನಿಗೆ ಹೋಗುವವರು ಬುಡದಲ್ಲೇ ನಿಂತು ತಾಮತಿಯನ್ನು ಕೂಗಿ ಕೇಳುವರು. ಅವನು ಹೋಗಿ ಎಂದರೆ ಹೋಗುವರು, ಬೇಡ ಎಂದರೆ ಮನೆಗೆ ಮರಳುವರು.

ಆ ವರ್ಷ ಅವನು ಊರಿನ ಸಭಾಮನೆಗೆ ತೀರಿಹೋದ ಹಿರಿಯರೊಬ್ಬರ ರೂಪದ ಕಂಬ ಕೆತ್ತುತ್ತಿದ್ದ. ಕೆತ್ತುವಾಗ ಬಿದ್ದ ಮರದ ಚೂರುಗಳನ್ನು ಬಾಯಿಂದ ಊದಬಾರದು, ಅದು ಹಿರಿಯರಿಗೆ ಅಗೌರವ ಎಂಬುದು ಅಲ್ಲಿಯ ಕಟ್ಟಳೆ. ತಾಮತಿ ಒಂದು ಸಲವೂ ಊದಿದವನಲ್ಲ. ಮೆಲ್ಲಗೆ ತಟ್ಟಿ ಉದುರಿಸುವನು. ಮರದ ಮುಂದೆ ಬಾಯಿಯ ಮೇಲೆ ಅಷ್ಟು ಎಚ್ಚರ. ಮನುಷ್ಯರ ಮುಂದೆಯೂ ಇದ್ದಿದ್ದರೆ ಈ ಕಥೆ ಹೇಳುವ ಸಂಕಟ ನನಗಿರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನ ತಮ್ಮ ರಾವಿರಿ ಕೆಳಗಿನಿಂದ ಕೇಳಿದ, "ಅಣ್ಣಾ, ಸಮುದ್ರ ಹೇಗಿದೆ?"

ತಾಮತಿ ಕಡಲಿಗೆ ಬೆನ್ನು ಹಾಕಿ ಕೂತಿದ್ದ. ಕಂಬದ ಮೇಲೆ ಒಂದು ಅಲೆಯ ಸುರುಳಿ ಮುಗಿಯುವುದರಲ್ಲಿತ್ತು. ನಾಲ್ಕು ದಿನದ ಹಿಂದೆ, ಕಡಲು ಶಾಂತವಾಗಿದ್ದಾಗ ನೋಡಿ ಕೆತ್ತಲು ಹಿಡಿದ ಅಲೆ ಅದು. ಈಗ ಉಳಿ ತೆಗೆದರೆ ಗೆರೆ ಕೆಡುತ್ತದೆ ಎಂದು ತಲೆ ಎತ್ತಲಿಲ್ಲ. "ಶಾಂತವಾಗಿದೆ, ಹೋಗು" ಎಂದುಬಿಟ್ಟ.

ರಾವಿರಿ ಹೋದ. ಹೊರಗಡಲು ಅಂದು ಕೆರಳಿತ್ತು. ಮಧ್ಯಾಹ್ನ ಮಗುಚಿದ ದೋಣಿಯೊಂದೇ ದಡಕ್ಕೆ ಬಂತು. ಊರವರು ಮೂರು ದಿನ ಹುಡುಕಿದರು, ರಾವಿರಿ ಸಿಗಲಿಲ್ಲ.

ತಾಮತಿ ತಮ್ಮನ ಹೆಂಡತಿ ಕಹುರಂಗಿಯ ಮುಂದೆ ಬಂದು ಕೂತು ಅತ್ತ. ಅವಳು ಕೇಳಿದ್ದು ಒಂದೇ ಮಾತು.

"ಭಾವ, ಅವತ್ತು ನೀವು ನೋಡಿ ಹೇಳಿದಿರಾ?"

ಹೌದು ಎಂದಿದ್ದರೆ ಅವಳು ನಂಬುತ್ತಿದ್ದಳು. ಸಮುದ್ರ ಎಂಥವರನ್ನೂ ಮೋಸಗೊಳಿಸುತ್ತದೆ.

"ಇಲ್ಲಮ್ಮ, ನೋಡಲಿಲ್ಲ. ಕೈಯಲ್ಲಿ ಕೆಲಸವಿತ್ತು" ಎಂದ.

ಅವಳು ಹೇಳಿದಳು, "ಅಷ್ಟನ್ನೇ ಅವರಿಗೂ ಹೇಳಿದ್ದರೆ ಸಾಕಿತ್ತು ಭಾವ. ಗುಡ್ಡ ಹತ್ತಿ ಅವರೇ ನೋಡಿಕೊಳ್ಳುತ್ತಿದ್ದರು."

ನೀತಿ: ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಂಬಿ ಕೇಳಿದವರಿಗೆ ನೋಡದ್ದನ್ನು ನೋಡಿದಂತೆ ಹೇಳಬೇಡಿ. ಎಷ್ಟೇ ಬಲ್ಲವರಾದರೂ, ನೋಡದಿದ್ದಾಗ ‘ನೋಡಿಲ್ಲ’ ಎನ್ನಿ.